ದೇಸಾಯರ ಬಂದೂಕಿನ ತೂಕ

ಒಂದು ಬಂದೂಕನ್ನು ನಮ್ಮೂರಿನಿಂದ ವಿಮಾನ ಹತ್ತಿಸಿ ಹೊಳೆಯಾಚೆಯ ಕಾಡಿಗೆ ಕಳಿಸಬೇಕೆಂದರೆ ತಗಲುವ ಖರ್ಚು ಹೀಗೆ. ಗಟ್ಟಿ ಪೆಟ್ಟಿಗೆಗೆ ಎರಡೂವರೆ ಸಾವಿರ, ಅದು ಒಂದು ಸಲದ್ದು. ಒಳಗೆ ಹಾಸುವ ಸ್ಪಂಜಿಗೆ ನಾನೂರು. ಎರಡು ಬೀಗಕ್ಕೆ ಮುನ್ನೂರು. ಒಂದೇ ಸಾಕು ಎನ್ನುವವರ ಪೆಟ್ಟಿಗೆ ಆಚೆ ಇಳಿಯುವಾಗ ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿರುತ್ತದೆ. ಉಗುರಿಗೆ ಹಚ್ಚುವ ಬಣ್ಣದ ಬಾಟಲಿ ಮೂವತ್ತು, ಅದು ಯಾಕೆಂದು ಆಮೇಲೆ ಹೇಳುತ್ತೇನೆ. ಒಂದು ಕಾಲುಚೀಲ, ಜೋಡಿಯಾಗಿಯೇ ಕೊಳ್ಳಬೇಕಾದ್ದರಿಂದ ನಲವತ್ತು. ನನ್ನ ಕೂಲಿ ಇನ್ನೂರೈವತ್ತು. ಟಿಕೆಟ್ಟು, ಆಚೆಯ ಪರವಾನಗಿ, ಉಳಿಯುವ ಜಾಗ ಎಲ್ಲ ಸೇರಿ ಇನ್ನೊಂದು ಹದಿನೆಂಟು ಸಾವಿರ. ಇಷ್ಟನ್ನು ಸುರಿದು ಹೋದವನು ಒಂದು ಹಂದಿ ಹೊಡೆದು ತಂದರೆ ಅದರ ಮಾಂಸ ಬೆಳ್ಳಿಯ ದರಕ್ಕೆ ಬೀಳುತ್ತದೆ. ಊರ ಹೊರಗೆ ಎರಡು ಮೈಲಿಗೆ ಗಂಗಾಳ ಕೆರೆಯಿದೆ. ಬೆಳಗಾದರೆ ಅಲ್ಲಿಗೆ ಚಿಗರಿಗಳು ಹಿಂಡುಹಿಂಡಾಗಿ ನೀರಿಗೆ ಬರುತ್ತವೆ. ಅಲ್ಲಿ ಬೇಟೆಗೆ ತಗಲುವುದು ಒಂದು ಗುಂಡಿನ ಬೆಲೆ, ನಡೆದುಹೋದ ಚಪ್ಪಲಿಯ ಸವೆತ. ಈ ಎರಡು ಲೆಕ್ಕಗಳ ನಡುವೆ ಹನ್ನೊಂದು ವರ್ಷ ಅಡ್ಡ ನಿಂತಿದ್ದವರು ಬಂಡೆಪ್ಪ ದೇಸಾಯರು.

ಅವರು ನಿಲ್ಲಲು ಸಾಧ್ಯವಾದದ್ದು ತೂಕದಿಂದ. ನಮ್ಮೂರಿನಲ್ಲಿ ಬಂದೂಕು ಒಂದು ಜೀವ ತೆಗೆದರೆ ಅದರ ತೂಕ ಏರುತ್ತದೆ. ಮೊಲಕ್ಕೆ ಐವತ್ತು ಗ್ರಾಂ, ಹಂದಿಗೆ ನೂರು, ಚಿಗರಿಗೆ ನೂರೈವತ್ತು. ಹಂದಿಗಿಂತ ಚಿಗರಿಗೆ ಹೆಚ್ಚು ಯಾಕೆ ಎಂದು ಹೊರಗಿನವರು ಕೇಳುತ್ತಾರೆ. ಅಕ್ಕಿ ಬೆಂದಾಗ ಯಾಕೆ ಅರಳುತ್ತದೆ ಎಂದು ಅವರ ಮನೆಯಲ್ಲಿ ಯಾರಾದರೂ ಕೇಳಿದ್ದಾರೆಯೇ? ನಾವು ತೂಗುತ್ತೇವೆ, ಅಷ್ಟೆ. ಊರಿನ ಬಂದೂಕುಗಳೆಲ್ಲ ಒಂದೇ ಕಂಪನಿಯವು, ಒಂದೇ ಸಲ ತರಿಸಿದವು. ಖಾಲಿ ಬಂದೂಕು ಮೂರು ಕಿಲೋ ಆರುನೂರು ಗ್ರಾಂ, ಮೇಲೆ ಕೂರಿಸುವ ದುರ್ಬೀನು ಆರುನೂರು ಗ್ರಾಂ. ಅದಕ್ಕಿಂತ ಹೆಚ್ಚು ಬಂದದ್ದು ಅವನವನ ಬೇಟೆ. ಯಾರ ಬಂದೂಕು ಎಲ್ಲರದಕ್ಕಿಂತ ಭಾರವೋ ಅವನು ಬೇಟೆಗಾರರ ಸಂಘದ ಅಧ್ಯಕ್ಷ, ಎಲ್ಲಿ ಗುಂಡು ಹಾರಿಸಬಹುದು ಎಲ್ಲಿ ಬಾರದು ಎನ್ನುವುದು ಅವನ ಮಾತು. ದೇಸಾಯರ ಬಂದೂಕಿನಲ್ಲಿ ನಾಲ್ಕು ಕಿಲೋ ನೂರು ಗ್ರಾಂ ಹೆಚ್ಚಿತ್ತು. ನಲವತ್ತೊಂದು ಹಂದಿ. ಅವರು ಗಂಗಾಳ ಕೆರೆಯ ಸುತ್ತ ಗುಂಡು ಹಾರಿಸಕೂಡದು ಎಂದಿದ್ದರು. ಹಾಗಾಗಿ ಊರಿನ ಬೇಟೆಗಾರರೆಲ್ಲ ಚಳಿಗಾಲ ಬಂತೆಂದರೆ ವಿಮಾನ ಹತ್ತುತ್ತಿದ್ದರು, ಹತ್ತುವ ಮೊದಲು ನನ್ನ ಕಟ್ಟೆಗೆ ಬರುತ್ತಿದ್ದರು.

ನಾನು ಪಿಂಜಾರರ ಹುಸೇನವ್ವ. ನಮ್ಮದು ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮನೆ. ಸ್ಪಂಜಿನ ಹಾಸಿಗೆ ಬಂದು ನಮ್ಮ ಕಸುಬನ್ನು ನುಂಗಿತು. ನುಂಗಿದ್ದನ್ನು ಬೈದು ಕೂತರೆ ಒಲೆ ಹೊತ್ತುವುದಿಲ್ಲವಲ್ಲ. ಅದೇ ಸ್ಪಂಜನ್ನು ಕತ್ತರಿಸಿ ಬಂದೂಕುಗಳಿಗೆ ಹಾಸಿಗೆ ಮಾಡಲು ಶುರು ಮಾಡಿದೆ. ಮನುಷ್ಯರಿಗಿಂತ ಬಂದೂಕು ಒಳ್ಳೆಯ ಗಿರಾಕಿ. ಮಗ್ಗುಲು ಚುಚ್ಚುತ್ತದೆ ಎಂದು ವಾಪಸು ತರುವುದಿಲ್ಲ.

ಕಟ್ಟುವುದಕ್ಕೆ ಕ್ರಮವಿದೆ. ಬಂದೂಕು ಯಾರ ಕೈಯಿಂದಲೇ ಬರಲಿ, ಖಾಲಿ ಎಂದು ಅವರ ಅಪ್ಪನೇ ಆಣೆ ಮಾಡಲಿ, ಮೊದಲು ಬಾಗಿಲ ಕಡೆ ಅಲ್ಲ, ಗೋಡೆಯ ಕಡೆ ಮುಖ ಮಾಡಿಸಿ ತೆರೆದು, ಕಿರುಬೆರಳು ಒಳಗಿಟ್ಟು ನೋಡಬೇಕು. ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ. ಗುಂಡನ್ನು ಒಳಕ್ಕೆ ತಳ್ಳುವ ಬೋಲ್ಟನ್ನು ಬಿಚ್ಚಿ ಕಾಲುಚೀಲದಲ್ಲಿ ಹಾಕಿ ಬೇರೆ ಗೂಡಿನಲ್ಲಿ ಮಲಗಿಸಬೇಕು. ದುರ್ಬೀನನ್ನು ಹಿಡಿದಿರುವ ಎರಡು ಬಳೆಗಳ ಸ್ಕ್ರೂಗಳ ಮೇಲೆ ಉಗುರುಬಣ್ಣದಿಂದ ಅಡ್ಡ ಒಂದು ಗೆರೆ ಎಳೆಯಬೇಕು, ಅರ್ಧ ಸ್ಕ್ರೂವಿನ ಮೇಲೆ, ಅರ್ಧ ಬಳೆಯ ಮೇಲೆ. ಆಚೆ ಇಳಿದಾಗ ಗೆರೆ ಸೇರಿದ್ದರೆ ಸರಿ. ಮುರಿದಿದ್ದರೆ ವಿಮಾನ ಕುಲುಕಿ ಸ್ಕ್ರೂ ಸಡಿಲಾಗಿದೆ ಎಂದು ತಿಳಿದು, ಕಾಡಿಗೆ ಹೋಗುವ ಮೊದಲು ಕಾಗದಕ್ಕೆ ಗುರಿಯಿಟ್ಟು ಸರಿಮಾಡಿಕೊಳ್ಳಬೇಕು. ದುರ್ಬೀನಿನ ಮೇಲೆ ಏನೂ ಒತ್ತಬಾರದು. ಅದರ ಎರಡೂ ಕಣ್ಣಿಗೆ ಹತ್ತಿಯ ಮುಚ್ಚಳ. ಗುಂಡುಗಳು ಅವುಗಳದೇ ಡಬ್ಬಿಯಲ್ಲಿ, ಬೇರೆ ಬೀಗದಲ್ಲಿ. ಬೀಗದ ಕೈ ಬಂದೂಕಿನವನ ಕಿಸೆಯಲ್ಲಿ, ನನ್ನ ಹತ್ತಿರವೂ ಅಲ್ಲ, ವಿಮಾನದವರ ಹತ್ತಿರವೂ ಅಲ್ಲ. ಹನ್ನೊಂದು ವರ್ಷದಲ್ಲಿ ನಾನು ಕಟ್ಟಿದ ಒಂದು ದುರ್ಬೀನೂ ಗುರಿ ತಪ್ಪಿಲ್ಲ. ತಪ್ಪಿದ್ದರೆ ಅದು ಹಿಡಿದವನ ಕೈಯದು.

ವಿಮಾನದ ಬಯಲಿನಲ್ಲಿ ಹತ್ತಿ ಮಂಡಿಯ ಹಳೆಯ ಕಾಟಾ ಇಟ್ಟಿದ್ದರು. ಬೀಗ ಹಾಕಿದ ಪೆಟ್ಟಿಗೆಯನ್ನು ಊರೆದುರು ಅದರ ಮೇಲೆ ಇಡುವುದು. ಗುಮಾಸ್ತ ಒಟ್ಟು ತೂಕ ಕೂಗುವನು. ಆಮೇಲೆ ನನ್ನ ಕಡೆ ತಿರುಗಿ, “ಪೆಟ್ಟಿಗಿ ಎಷ್ಟವ್ವಾ?” ಎನ್ನುವನು. ಪೆಟ್ಟಿಗೆ ಎಲ್ಲರದೂ ಬೇರೆ ಬೇರೆ, ಕಟ್ಟಿದವಳು ನಾನು, ಬೀಗ ಬಿದ್ದಮೇಲೆ ತೆರೆಯುವಂತಿಲ್ಲ. ನಾನು ಹೇಳಿದ್ದನ್ನು ಕಳೆದು ಉಳಿದದ್ದು ಬಂದೂಕು. ಪಿಂಜಾರರ ಕೈಯೇ ತಕ್ಕಡಿ ಎಂದು ಊರು ನಂಬಿತ್ತು. ಕೈ ತಕ್ಕಡಿಯೇ ಹೌದು. ಬಾಯಿಯ ಬಗ್ಗೆ ಯಾರೂ ವಿಚಾರಿಸಿರಲಿಲ್ಲ.

ಮೊದಲ ವರ್ಷ ದೇಸಾಯರು ತಮ್ಮ ಬಂದೂಕನ್ನು ಆಳಿನ ಕೈಗೆ ಕೊಡದೆ ತಾವೇ ಕರಿಮತ್ತಿ ಮರದ ಪೆಟ್ಟಿಗೆಯೊಂದಿಗೆ ತಂದರು. ನಾನು ಬಂದೂಕು ಎತ್ತಿದೆ. ಮೂರು ಕಿಲೋ ಆರುನೂರು. ಹೊಸ ಹೆಂಡತಿಯ ಸೀರೆಯಂತೆ ಒಂದು ಮಡಿಕೆಯೂ ಕೆಟ್ಟಿರಲಿಲ್ಲ. ಅವರು ಚಹಾದಂಗಡಿಯಲ್ಲಿ ಹೇಳಿದ ಮೂವತ್ತು ಹಂದಿಗಳಲ್ಲಿ ಒಂದರ ಬಾಲವೂ ಅದರಲ್ಲಿರಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ನನ್ನ ಗೋಡೆ ನೋಡಿದರು. ಆಮೇಲೆ ಗೋಡೆಗೇ ಎಂಬಂತೆ, “ನಾ ಅಧ್ಯಕ್ಷ ಆದ್ರ ಕೆರಿ ಕಡೆ ಒಂದು ಗುಂಡು ಹಾರಾಕ ಬಿಡೂದಿಲ್ಲ. ಎಲ್ಲಾರೂ ವಿಮಾನದಾಗ ಹೋಗಬೇಕಾಗ್ತೈತಿ,” ಎಂದರು. ಎಲ್ಲರೂ ಅಂದರೆ ಎಷ್ಟು ಪೆಟ್ಟಿಗೆ ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಚಿಗರಿಗಳ ಮೇಲಿನ ಕರುಣೆಯಿಂದ ಹಾಗೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಅವತ್ತು ನನ್ನ ಮನೆಯಲ್ಲಿ ಜೋಳದ ಹಿಟ್ಟು ಮುಗಿದಿತ್ತು. ಕಾಟಾದ ಮುಂದೆ ಗುಮಾಸ್ತ ಕೇಳಿದಾಗ ಒಂಬತ್ತು ಕಿಲೋದ ಪೆಟ್ಟಿಗೆಯನ್ನು ಆರು ಎಂದೆ. ಆಮೇಲೆ ದೇಸಾಯರು ಕಥೆಯಲ್ಲಿ ಒಂದೊಂದು ಹಂದಿ ಹೊಡೆದಂತೆಲ್ಲ ನನ್ನ ಬಾಯಲ್ಲಿ ಪೆಟ್ಟಿಗೆ ನೂರು ನೂರು ಗ್ರಾಂ ಹಗುರಾಗುತ್ತ ಬಂತು. ಹಳೆಯ ಮರ, ಒಣಗುತ್ತದೆ ಎಂದು ಊರು ಅರ್ಥ ಮಾಡಿಕೊಂಡಿತು.

ಈ ವಿಷಯವನ್ನು ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಅವರು ವರ್ಷಕ್ಕೊಂದು ಹತ್ತಿ ಹಾಸಿಗೆ ಮಾಡಿಸುತ್ತಿದ್ದರು. ಮನೆಯಲ್ಲಿದ್ದದ್ದು ಗಂಡ ಹೆಂಡತಿ ಇಬ್ಬರು, ಹಾಸಿಗೆ ಹನ್ನೊಂದು. ದೇಸಾಯರ ಹೆಂಡತಿ ಒಮ್ಮೆ ಸಂತೆಯಲ್ಲಿ ಸಿಕ್ಕು, “ಇನ್ನೊಂದು ಬಂದ್ರ ನಾ ಏಣಿ ಹಚ್ಚಿ ಮಲಗಬೇಕು ನೋಡವ್ವ,” ಎಂದರು.

ಹೋದ ವರ್ಷ ವಿಮಾನದ ಕಂಪನಿ ಬದಲಾಯಿತು. ಹೊಸಬರು ಹಳೆಯ ಗುಮಾಸ್ತನನ್ನು ಮನೆಗೆ ಕಳಿಸಿ, ಸುವಾಸಿನಿ ಎಂಬ ಹೆಣ್ಣುಮಗಳನ್ನು ಹೊರಗಿನಿಂದ ತಂದು ಕೂರಿಸಿದರು. ಜೊತೆಗೆ ಹೊಸ ನಿಯಮ: ಎಲ್ಲರಿಗೂ ಕಂಪನಿಯದೇ ಒಂದೇ ತರದ ಕರಿ ಪ್ಲಾಸ್ಟಿಕ್ ಪೆಟ್ಟಿಗೆ. ಮುಚ್ಚಳದ ಮೇಲೆ ಉಬ್ಬಕ್ಷರದಲ್ಲಿ ತೂಕ, ಸ್ಪಂಜೂ ಸೇರಿ ನಾಲ್ಕು ಕಿಲೋ ಎಂಟುನೂರು. ಬಂದೂಕು, ದುರ್ಬೀನು, ಪೆಟ್ಟಿಗೆ ಎಲ್ಲ ಸೇರಿ ಒಂಬತ್ತು ಕಿಲೋವರೆಗೆ ಪುಕ್ಕಟೆ. ಅದಕ್ಕಿಂತ ಮೇಲೆ ಕಿಲೋಗೆ ಮೂರು ಸಾವಿರ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಕಿಲೋ ತುಂಬದಿದ್ದರೂ ತುಂಬಿದಂತೆ. ಊರು ಮೂರು ಸಾವಿರದ ಬಗ್ಗೆ ಗೊಣಗಿತು. ನಾನು ಉಬ್ಬಕ್ಷರಗಳ ಮೇಲೆ ಬೆರಳಾಡಿಸಿದೆ. ಇನ್ನು “ಪೆಟ್ಟಿಗಿ ಎಷ್ಟವ್ವಾ” ಎಂದು ಕೇಳುವವರಿಲ್ಲ.

ವಿಮಾನಕ್ಕೆ ಐದು ದಿನವಿರುವಾಗ, ಮಧ್ಯಾಹ್ನ, ದೇಸಾಯರು ಕೊಡೆ ಹಿಡಿದು ಬಂದರು. ಅರವತ್ತೆಂಟರ ಮುದುಕರು, ಮೀಸೆಯೊಂದು ಮಾತ್ರ ನಲವತ್ತರದು. ನಾನು ಬಂದೂಕು ತೆಗೆದುಕೊಂಡು ಗೋಡೆಗೆ ತಿರುಗಿಸಿ ಕಿರುಬೆರಳಿಟ್ಟು ನೋಡಿದೆ.

“ಹೊಸಾ ಪೆಟ್ಟಿಗಿ ನೋಡಿದೇನು ಹುಸೇನವ್ವ?”

“ನೋಡೇನ್ರಿ ಧಣ್ಯಾರ. ತಲಿ ಮ್ಯಾಲೇ ತೂಕ ಬರಕೊಂಡು ಬಂದೈತಿ.”

“ಹಂಗಾರ ನಿನ್ನ ಯಾರೂ ಕೇಳೂದಿಲ್ಲ.”

“ಯಾರೂ ಕೇಳೂದಿಲ್ರಿ.”

ಅವರು ಕಟ್ಟೆಯ ಮೇಲೆ ಕೂತರು. ನಾನು ಬೋಲ್ಟು ಬಿಚ್ಚಿ ಕಾಲುಚೀಲಕ್ಕೆ ಹಾಕಿದೆ. ಆ ಹೊತ್ತಿಗೆ ಅವರ ಕೈ ಸುಮ್ಮನಿರಲಾರದೆ ಕೊಡೆಯನ್ನು ಬಿಚ್ಚುವುದು, ಮಡಚುವುದು ಮಾಡುತ್ತಿತ್ತು.

“ಒಂದಾದ್ರೂ ಹೊಡ್ಯೂಣು ಅಂತ ಹೋದ ತಿಂಗಳು ಗುಡ್ಡಕ್ಕ ಹೋಗಿದ್ದೆ,” ಎಂದರು. “ಒಂದು ಹಂದಿ ಬಂತು. ದುರ್ಬೀನ್ಯಾಗ ಹಿಡದೆ. ಕಿವಿ ಕೆರಕೊಳ್ಳಾಕತ್ತಿತ್ತು. ಕೆರಕೊಳ್ಳೂದು ಮುಗಸ್ಲಿ ಅಂತ ಕಾದೆ.”

“ಆಮ್ಯಾಲ?”

“ಮುಗಿಸಿ ಹೋತು.”

ನಾನು ನಗು ತಡೆಯಲು ಸ್ಪಂಜಿನ ಮೇಲೆ ಬಾಗಿದೆ. “ನಲವತ್ತೊಂದೂ ಹಿಂಗ ಏನ್ರಿ?”

“ಇನ್ನೂ ಹೆಚ್ಚ ಅದಾವು. ಕುದುರೀ ಹಂಗ ಕಾಣೂ ಒಂದು ಹೆಣ್ಣು ಚಿಗರಿ ಐತಿ, ಎಡಗಿವಿ ಹರದದ್ದು. ಅದನ್ನ ಏಳು ವರ್ಷದಿಂದ ನೋಡಾಕತ್ತೀನಿ. ಗುರಿ ಏನೋ ಛಲೋ ಇಡ್ತೀನಿ ಹುಸೇನವ್ವ. ಬೆರಳು ಒತ್ತೂದಿಲ್ಲ.” ಕೊಡೆ ಮಡಚಿ ಕೆಳಗಿಟ್ಟು ಹೇಳಿದರು: “ಈರಸಂಗಪ್ಪ ಈಗಾಗಲೇ ಜೀಪು ತೊಳಿಸಿಟ್ಟಾನಂತ. ನಾ ಅಧ್ಯಕ್ಷಗಿರಿ ಬಿಟ್ಟ ದಿನಾನೇ ಕೆರೀಗೆ ಹೊಂಟಾನ.”

ಈರಸಂಗಪ್ಪ ಕಲ್ಲಿನ ಕ್ವಾರಿಯ ಕಂತ್ರಾಟುದಾರ. ಅವನ ಬಂದೂಕಿನಲ್ಲಿ ಮೂರು ಕಿಲೋ ಏಳುನೂರು ಹೆಚ್ಚಿತ್ತು, ಅಷ್ಟೂ ನಿಜವಾದದ್ದು. ದೇಸಾಯರು ಹಗುರಾದರೆ ಅವನೇ ಅಧ್ಯಕ್ಷ. ಕೆರೆ ತೆರೆದರೆ ಒಂದು ಚಳಿಗಾಲಕ್ಕೆ ಚಿಗರಿ ಮುಗಿಯುತ್ತಿದ್ದವು. ಅಲ್ಲಿಯವರೆಗೆ ವಿಮಾನ ಹತ್ತುವವರು ಯಾರು? ನನ್ನ ಹೊಟ್ಟೆಯೂ ಆ ಕೆರೆಯಲ್ಲೇ ನೀರು ಕುಡಿಯುತ್ತಿತ್ತು.

“ಕಾಟಾದ ಮುಂದ ನಿಂತು ನಿಜಾ ಹೇಳಿಬಿಡ್ತೀನಿ,” ಎಂದರು ದೇಸಾಯರು. “ಸಿಕ್ಕಿ ಬೀಳೂಕಿಂತ ಹೇಳಿ ಬೀಳೂದು ಪಾಡು.”

“ಹೇಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಸಾಲಿನ್ಯಾಗ ಕಡೀಕ ನಿಂದರ್ರಿ.”

“ಅಧ್ಯಕ್ಷ ಮೊದಲ ನಿಂದ್ರೂದು ಪದ್ಧತಿ.”

“ಮೊಣಕಾಲು ನೋವು ಅನ್ರಿ. ನಲವತ್ತೊಂದು ಹಂದಿ ಹೊಡದಾವ್ರಿಗೆ ಒಂದು ಮೊಣಕಾಲು ಸುಳ್ಳು ಹೇಳಾಕ ಬರೂದಿಲ್ಲೇನ್ರಿ?”

ಅವರು ಹೋದಮೇಲೆ ನಾನು ದುರ್ಬೀನಿನ ಕಣ್ಣಿಗೆ ಹತ್ತಿ ಇಟ್ಟು ಪೆಟ್ಟಿಗೆ ಮುಚ್ಚಿದೆ. ಆಮೇಲೆ ಸೆರಗು ಸರಿಮಾಡಿಕೊಂಡು ವಿಮಾನದ ಬಯಲಿಗೆ ನಡೆದೆ. ಸುವಾಸಿನಿ ಮೇಡಂ ಊಟದ ಡಬ್ಬಿ ತೊಳೆಯುತ್ತಿದ್ದರು. ನನಗೆ ನಾಲ್ಕನೇ ಇಯತ್ತೆಯವರೆಗಿನ ಓದು. ಆದರೆ ನಿಯಮ ಎನ್ನುವುದು ಹಾಸಿಗೆ ಇದ್ದಹಾಗೆ, ಎಲ್ಲಾದರೂ ಒಂದು ಕಡೆ ಹೊಲಿಗೆ ಬಿಟ್ಟೇ ಇರುತ್ತಾರೆ ಎಂದು ಬಲ್ಲೆ.

“ಮೇಡಂ, ಒಂದು ಕೇಳ್ತೀನ್ರಿ. ಮಳ್ಯಾಗ ಪೆಟ್ಟಿಗಿ ತೊಯ್ದು ತೂಕ ಏರ್ತೈತಿ. ಅದಕ್ಕೂ ರೊಕ್ಕ ಕೊಡಬೇಕೇನ್ರಿ?”

ಅವರು ಪುಸ್ತಕ ತೆಗೆದು ಹಾಳೆ ತಿರುವಿದರು. “ಇಲ್ಲ. ಪ್ರಯಾಣಿಕರಿಂದ ಆಗದ ಹೆಚ್ಚುವರಿ ಭಾರ ಅಂತ ಒಂದು ಕಲಂ ಇದೆ. ಬರೆದು ಸಹಿ ಮಾಡಿಕೊಟ್ಟರೆ ಶುಲ್ಕ ಇಲ್ಲ.”

“ಬರೇ ನೀರಿಗೇನ್ರಿ?”

ಮತ್ತೊಮ್ಮೆ ಓದಿದರು. “ನೀರು ಅಂತ ಎಲ್ಲೂ ಬರೆದಿಲ್ಲ.”

“ಏನಂತ ಬರದು ಕೊಡೂದ್ರಿ?”

“‘ಈ ಹೆಚ್ಚಿನ ಭಾರ ನನ್ನಿಂದ ಆದದ್ದಲ್ಲ.’ ಅಷ್ಟೇ. ಕೆಳಗೆ ಹೆಸರು. ಒಂದು ಪ್ರತಿ ಇಲ್ಲಿ ಗೋಡೆಗೆ ಅಂಟಿಸಬೇಕು, ಯಾರಿಗಾದರೂ ತಕರಾರಿದ್ದರೆ ನೋಡಿಕೊಳ್ಳಲಿ ಅಂತ.”

ಪುಸ್ತಕ ಬರೆದವರು ಮಳೆ ನೋಡಿದ್ದರು, ನಮ್ಮೂರು ನೋಡಿರಲಿಲ್ಲ.

ಮುಂದಿನ ನಾಲ್ಕು ದಿನ ಹದಿನೈದು ಮಂದಿ ಬಂದು ಬಂದೂಕು ಕಟ್ಟಿಸಿಕೊಂಡರು. ನಾನು ಯಾರಿಗೂ ಸಲಹೆ ಕೊಡಲಿಲ್ಲ. ಪುಕ್ಕಟೆ ಸಲಹೆಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಕದ್ದು ಕೇಳಿಸಿಕೊಂಡದ್ದನ್ನು ಓಡಿಕೊಂಡು ಒಯ್ಯುತ್ತಾರೆ. ಸ್ಕ್ರೂಗಳಿಗೆ ಗೆರೆ ಎಳೆಯುತ್ತ, ಒಳಗಿದ್ದ ಸೊಸೆಗೆ ಕೂಗಿ ಹೇಳಿದಂತೆ, ಭಾರ ನನ್ನದಲ್ಲ ಎಂದು ಒಂದು ಸಾಲು ಬರೆದುಕೊಟ್ಟರೆ ರೊಕ್ಕ ಮಾಫಿಯಂತೆ ನೋಡೇ, ಎಂದೆ. ಹದಿನೈದು ಸಲ ಕೂಗಿದೆ. ಸೊಸೆ ನಾಲ್ಕನೆಯ ಸಲಕ್ಕೇ, “ಅತ್ತೀ, ನಂಗ ಕಿವಿ ಅದಾವು,” ಎಂದು ಸಿಟ್ಟಾದಳು.

ತೂಕದ ದಿನ ಬೆಳಿಗ್ಗೆ ಊರೆಲ್ಲ ಬಯಲಿನಲ್ಲಿತ್ತು. ದೇಸಾಯರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಒಂದು ಕಲ್ಲಿನ ಮೇಲೆ ಕೂತಿದ್ದರು. ಸುತ್ತಿದ್ದು ಎಡಗಾಲಿಗೆ, ಕುಂಟಿದ್ದು ಬಲಗಾಲು. ಮೊದಲು ಕಾಟಾ ಹತ್ತಿದ್ದು ರಿಟೈರಾದ ಮಲಕಾಜಿ ಮಾಸ್ತರರ ಪೆಟ್ಟಿಗೆ. ಒಂಬತ್ತು ಕಿಲೋ ಒಂಬೈನೂರು.

“ಒಂಬೈನೂರು ಗ್ರಾಂ ಹೆಚ್ಚು,” ಎಂದರು ಸುವಾಸಿನಿ ಮೇಡಂ. “ಏನಿದೆ ಇದರಲ್ಲಿ?”

“ಹಂದಿ,” ಎಂದರು ಮಾಸ್ತರರು ಎದೆಯುಬ್ಬಿಸಿ.

“ಮಾಂಸ ಒಯ್ಯುವ ಹಾಗಿಲ್ಲ ಸರ್.”

“ಮಾಂಸ ಇಲ್ಲವ್ವ, ಬರೇ ತೂಕ ಐತಿ.”

“ತೂಕಕ್ಕೆ ಮೂರು ಸಾವಿರ. ಬರುವಾಗ ಮೂರು ಸಾವಿರ.”

ಮಾಸ್ತರರ ಎದೆ ನಿಧಾನವಾಗಿ ಇಳಿಯಿತು. ಪಿಂಚಣಿ ನೆನಪಾಗಿರಬೇಕು. ಸುತ್ತ ನೋಡಿ, ದನಿ ತಗ್ಗಿಸಿ, “ಬರದು ಕೊಡೂ ಕಾಗದ ಐತಂತಲ್ಲ?” ಎಂದರು. ಮೇಡಂ ಕಾಗದ ಸರಿಸಿದರು. ಮಾಸ್ತರರು ಮೇಷ್ಟರ ದುಂಡಕ್ಷರದಲ್ಲಿ ಬರೆದು, ಎಲ್ಲರಿಗೂ ಕೇಳುವಂತೆ ಹೇಳಿದರು: “ಅವೆಲ್ಲ ನನ್ನ ಹೆಂಡತಿ ತಮ್ಮ ಹೊಡದವು. ನಾ ಬರೇ ಬಂದೂಕು ಹಿಡಕೊಂಡಿದ್ದೆ.”

“ಮಾಸ್ತರ, ಹ್ವಾದ ವರ್ಷ ಆ ಹಂದಿ ಕಥಿ ನಮಗ ಎರಡು ತಾಸು ಹೇಳಿದ್ರಲ್ರೀ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಅವಾಗ ಕಥಿಗೆ ರೊಕ್ಕ ಇರಲಿಲ್ಲ,” ಎಂದರು ಮಾಸ್ತರರು.

ಕಟ್ಟೆ ಒಡೆದದ್ದು ಅಲ್ಲಿ. ಎರಡನೆಯವನ ಹಂದಿಗಳು ಲಾರಿಗೆ ಸಿಕ್ಕು ಸತ್ತವು. ಮೂರನೆಯವನವನ್ನು ನಾಯಿ ಹಿಡಿದಿತ್ತು. ನಾಲ್ಕನೆಯವನು ಬಾವಿಗೆ ಬಿದ್ದದ್ದನ್ನು ಎತ್ತುವಾಗ ಬಂದೂಕು ತಾಗಿತ್ತು, ಪುಣ್ಯದ ಕೆಲಸ. ಆಮೇ‌ಲಿನವರು ಇಷ್ಟು ಕಷ್ಟಪಡದೆ ಸತ್ತುಹೋದ ಸೋದರಮಾವಂದಿರ ತಲೆಗೆ ಕಟ್ಟಿದರು. ನಮ್ಮೂರಿನ ಮಾವಂದಿರು ಬದುಕಿದ್ದಾಗ ಹೊಡೆದದ್ದಕ್ಕಿಂತ ಹೆಚ್ಚು ಹಂದಿಗಳನ್ನು ಅವತ್ತು ಒಂದು ತಾಸಿನಲ್ಲಿ ಹೊಡೆದರು. ಮೇಡಂ ಒಂದೊಂದು ಕಾಗದಕ್ಕೂ ಅಂಟು ಹಚ್ಚಿ ಗೋಡೆಗೆ ಒತ್ತುತ್ತ ಹೋದರು.

ಹದಿನೈದನೆಯವನು ಈರಸಂಗಪ್ಪ. ಹನ್ನೆರಡು ಕಿಲೋ ಏಳುನೂರು. ಅವನು ಯಾವ ಮಾವನ ಹೆಸರನ್ನೂ ಎತ್ತಲಿಲ್ಲ. ಎದೆಯ ಕಿಸೆಯಿಂದ ನೋಟಿನ ಕಟ್ಟು ತೆಗೆದು, “ನಾಲ್ಕು ಕಿಲೋ ಹಿಡೀರಿ ಮೇಡಂ. ಹನ್ನೆರಡು ಸಾವಿರ. ಇವ್ರೆಲ್ಲಾ ಹೆಂಗಸ್ರು. ನಂದು ನಂದೇ,” ಎಂದ. ನಾನು ಗಂಡಸರ ಜಿಪುಣತನವನ್ನು ಲೆಕ್ಕ ಹಾಕಿದ್ದೆ, ಒಬ್ಬನ ಸೊಕ್ಕನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದೇಸಾಯರು ಕಲ್ಲಿನಿಂದ ಎದ್ದು ನಿಂತರು, ಎರಡೂ ಕಾಲು ಸರಿಯಾಗಿಯೇ ಇದ್ದವು.

ಆಗ ಬಾಯಿ ಬಿಟ್ಟವರು ಮಲಕಾಜಿ ಮಾಸ್ತರರು. ಅವರಿಗೆ ಕೆರೆಯ ಚಿಂತೆ ಇರಲಿಲ್ಲ, ಹೆಂಗಸರು ಎಂದದ್ದು ಚುಚ್ಚಿತ್ತು. “ನೋಡ್ರಪಾ,” ಎಂದರು, “ನಾವು ಹದಿನಾಲ್ಕು ಮಂದಿ ಪುಕ್ಕಟೆ ಹೊಂಟೀವಿ. ಈರಸಂಗಪ್ಪ ಸತ್ತ ಹಂದಿಗೆ ಟಿಕೆಟ್ ತಗಸಾಕತ್ಯಾನ.”

ಬಯಲು ಭೋರೆಂದು ನಕ್ಕಿತು. “ಹಂದಿಗೆ ಕಿಟಕಿ ಕಡೆ ಸೀಟು ಕೊಡ್ರಿ ಮೇಡಂ!” ಎಂದ ಒಬ್ಬ. “ಬರೂ ಮುಂದ ಇನ್ನ ಹನ್ನೆರಡು ಸಾವಿರ,” ಎಂದ ಇನ್ನೊಬ್ಬ. “ಆಚೆ ಇನ್ನ ನಾಲ್ಕು ಹೊಡದ್ರ ಅವಕ್ಕೂ ಬ್ಯಾರೆ ಟಿಕೆಟ್ಟು!”

ಈರಸಂಗಪ್ಪನ ಹೆಸರು ನಿಂತಿದ್ದೇ ಎಲ್ಲಿಯೂ ಒಂದು ಪೈಸೆ ಹೆಚ್ಚು ಕೊಡದವನು ಎಂಬುದರ ಮೇಲೆ. ಕ್ವಾರಿಯ ಕೂಲಿಯವರು, ಲಾರಿಯವರು, ಸುಂಕದವರು ಎಲ್ಲರೂ ಅವನೆದುರು ಸೋತವರು; ಅವರೆಲ್ಲ ಈಗ ಆ ಗುಂಪಿನಲ್ಲಿದ್ದರು. ಪಾಪ, ಹಗುರಾದವನಾಗಿ ಬದುಕಬಹುದು, ಊರೆದುರು ಮಂಗನಾದವನಾಗಿ ಹೇಗೆ ಬದುಕುವುದು? ಅವನ ಕೈ ನೋಟಿನ ಕಟ್ಟಿನ ಸುತ್ತ ಒಮ್ಮೆ ಸಡಿಲಾಯಿತು, ಒಮ್ಮೆ ಬಿಗಿಯಾಯಿತು. ಕೊನೆಗೆ ಕಟ್ಟು ಕಿಸೆಗೆ ಹೋಯಿತು. “ಕಾಗದಾ ಕೊಡ್ರಿ,” ಎಂದ. “ಅಪ್ಪನ ಕಾಲದ ಬಂದೂಕದು. ನಂಗೇನ್ ಗೊತ್ತು ಯಾರ್ ಯಾರ್ ಏನೇನ್ ಹೊಡದಾರೋ.” ಅಪ್ಪನ ಕಾಲದಲ್ಲಿ ಆ ಬಂದೂಕು ಕಂಪನಿಯಿಂದ ಹೊರಟೇ ಇರಲಿಲ್ಲ. ಯಾರೂ ತಕರಾರು ಮಾಡಲಿಲ್ಲ. ಎಲ್ಲರ ಕಾಗದವೂ ಗೋಡೆಯ ಮೇಲಿತ್ತು.

ಆಮೇಲೆ ದೇಸಾಯರ ಪೆಟ್ಟಿಗೆ. ಕಾಟಾದ ಮುಳ್ಳು ಒಂಬತ್ತಕ್ಕೆ ಬಂದು, ಅಲುಗಾಡದೆ ನಿಂತಿತು.

“ಒಂಬತ್ತು ಕಿಲೋ. ಹೆಚ್ಚುವರಿ ಇಲ್ಲ. ನೀವು ಬರೆದುಕೊಡುವುದು ಬೇಕಿಲ್ಲ ಸರ್,” ಎಂದರು ಮೇಡಂ.

ಈರಸಂಗಪ್ಪ ಮುಂದೆ ಬಂದು ಮುಳ್ಳನ್ನು ನೋಡಿದ, ಬಗ್ಗಿ ಕಾಟಾದ ಅಡಿ ನೋಡಿದ. “ಕಾಕಾ, ನಲವತ್ತೊಂದು ಹಂದಿ?”

ದೇಸಾಯರು ತಲೆಯ ಪೇಟ ತೆಗೆದು ಕೈಯಲ್ಲಿ ಹಿಡಿದರು. ಅವರ ದನಿ ಅಷ್ಟು ಸಣ್ಣಗಿದ್ದದ್ದನ್ನು ನಾನು ಕೇಳಿರಲಿಲ್ಲ. “ಇಲ್ಲೋ ತಮ್ಮಾ. ಒಂದೂ ಹೊಡದಿಲ್ಲ. ಹೊಡ್ಯಾಕ ಆಗಲಿಲ್ಲ. ಬರೇ ದುರ್ಬೀನ್ಯಾಗ ನೋಡ್ತಿದ್ದೆ. ಇಷ್ಟು ವರ್ಷ ಹೇಳಿದ್ದೆಲ್ಲಾ ಸುಳ್ಳು.”

ನಾನೂ ಮುಂದೆ ಹೋಗಿ ನನ್ನ ಪಾಲಿನದನ್ನು ಹೇಳಬೇಕಿತ್ತು. ಹೆಜ್ಜೆ ಎತ್ತಿದ್ದೆ ಕೂಡ. ಅಷ್ಟರಲ್ಲಿ ಮಲಕಾಜಿ ಮಾಸ್ತರರು ತೊಡೆ ತಟ್ಟಿಕೊಂಡರು.

“ಅಬ್ಬಬ್ಬಾ! ದೇಸಾಯ್ರು ಅಂದ್ರ ದೇಸಾಯ್ರು ನೋಡ್ರಪಾ! ನಾವು ಮೂರ್ಖರು, ಕಾಗದದ ಮ್ಯಾಲೆ ಸಹಿ ಹಾಕಿ ಗ್ವಾಡಿಗೆ ಹಚ್ಚಿಸಿಕೊಂಡ್ವಿ. ಅವ್ರು ತೂಕಾನೇ ಮಾಯ ಮಾಡಿಕೊಂಡು ಬಂದಾರ. ಸಹೀನೂ ಇಲ್ಲ, ರೊಕ್ಕಾನೂ ಇಲ್ಲ!”

“ಮಾಸ್ತರ, ನಾ ಖರೇನ ಹೇಳಾಕತ್ತೀನಿ,” ಎಂದರು ದೇಸಾಯರು.

“ಹೌದ್ರೀ ಹೌದು, ನಾವೂ ಖರೇನ ಬರದೀವಿ!” ಎಂದು ಗುಂಪು ನಕ್ಕಿತು. ದೇಸಾಯರು ದೇವರ ಮೇಲೆ ಆಣೆ ಮಾಡಿದರು. ನಗು ಇನ್ನೂ ಹೆಚ್ಚಾಯಿತು. ಈರಸಂಗಪ್ಪ ಮಾತ್ರ ನಗದೆ ನನ್ನ ಹತ್ತಿರ ಬಂದು ಪಿಸುಗುಟ್ಟಿದ: “ಯಕ್ಕಾ, ಅವರ ಬಂದೂಕಕ್ಕ ಏನ್ ಹಾಕಿ ಕಟ್ಟಿದಿ? ನಾಲ್ಕು ಕಿಲೋ ಎಲ್ಲಿ ಹೋತು?”

“ಹತ್ತಿ ಹಾಕೀನಪ್ಪ,” ಎಂದೆ. ಅದು ನಿಜವೇ ಆಗಿತ್ತು. ನನ್ನ ಪಾಲಿನ ಉಳಿದ ನಿಜ ಎತ್ತಿದ ಹೆಜ್ಜೆಯ ಜೊತೆ ಹಿಂದಕ್ಕೆ ಹೋಯಿತು.

ವಿಮಾನ ಹೋಯಿತು, ಹದಿನೈದು ದಿನಕ್ಕೆ ಬಂತು. ಆಚೆ ಹೊಡೆದು ಬಂದವರು ಇಳಿದಾಗ ಮತ್ತೆ ಕಾಟಾ, ಮತ್ತೆ ಕಾಗದ. ಗೋಡೆಯಲ್ಲಿ ಜಾಗ ಸಾಲದೆ ಮೇಡಂ ಕಿಟಕಿಗೂ ಹಚ್ಚಿದರು. ಮುಂದಿನ ವಾರ ಈರಸಂಗಪ್ಪ ಸಂಘದ ಸಭೆಯಲ್ಲಿ ಕೆರೆಯ ಮಾತೆತ್ತಿದ. ಭಾರದವರು ಯಾರಾದರೂ ಇದ್ದರೆ ಎದ್ದು ಹೇಳಲಿ, ತೆರೆಯೋಣ ಎಂದರು ದೇಸಾಯರು. ಒಬ್ಬರೂ ಏಳಲಿಲ್ಲ. ಎದ್ದವನು ಕಾಗದ ಬರೆದು ತಪ್ಪಿಸಿಕೊಂಡ ಸಾವಿರಾರು ರೂಪಾಯಿಯ ಬಾಕಿಯನ್ನು ಒಪ್ಪಿಕೊಂಡು ಏಳಬೇಕಿತ್ತು. ನಮ್ಮೂರಿನಲ್ಲಿ ಈಗ ಯಾರೂ ಏನನ್ನೂ ಕೊಂದಿಲ್ಲ, ಬೇಕಾದರೆ ಗೋಡೆ ನೋಡಬಹುದು. ಚಹಾದಂಗಡಿಯಲ್ಲಿ ಬೇಟೆಯ ಕಥೆ ನಿಂತುಹೋಯಿತು. ಗಂಡಸರು ಕೂತು ಬದನೆಕಾಯಿಗೆ ಎಷ್ಟು ಎಣ್ಣೆ ಹಿಡಿಯುತ್ತದೆ ಎಂದು ಮಾತಾಡುತ್ತಾರೆ.

ಇದರಲ್ಲಿ ನಾನು ಎಣಿಸದೆ ಬಿಟ್ಟದ್ದು ಒಂದಿತ್ತು. ಹೇಳಿಕೊಳ್ಳಲಾರದ ಹಂದಿಗಾಗಿ ಇಪ್ಪತ್ತು ಸಾವಿರ ಯಾರು ಸುರಿಯುತ್ತಾರೆ? ಈ ಚಳಿಗಾಲ ಕಟ್ಟಿಸಲು ಬಂದದ್ದು ಏಳು ಬಂದೂಕು. ದೇಸಾಯರದು ಬರಲಿಲ್ಲ. ಅವರು ದುರ್ಬೀನನ್ನು ಬಿಚ್ಚಿಸಿಕೊಂಡು ಹೋಗಿ, ದಿನಾ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಕೂತಿರುತ್ತಾರೆ. ಸಿಕ್ಕವರಿಗೆಲ್ಲ ತಾವು ಒಂದೂ ಪ್ರಾಣಿ ಹೊಡೆದಿಲ್ಲವೆಂದು ಹೇಳುತ್ತಾರೆ. ಜನ ಕಣ್ಣು ಮಿಟುಕಿಸಿ, ಆ ವಿದ್ಯೆ ನಮಗೂ ಕಲಿಸ್ರಿ ಧಣ್ಯಾರ ಎನ್ನುತ್ತಾರೆ. ಹಾಸಿಗೆ ಮಾಡಿಸುವುದನ್ನು ನಿಲ್ಲಿಸಿದ್ದಾರೆ, ಅವರ ಹೆಂಡತಿಗೆ ಅದೊಂದು ಸಮಾಧಾನ.

ಹದಿನಾರು ಪೆಟ್ಟಿಗೆಯ ಕೂಲಿ ಏಳಕ್ಕೆ ಇಳಿಯಿತು, ವರ್ಷದ ಒಂದು ಹಾಸಿಗೆಯೂ ಹೋಯಿತು. ಅದು ನನ್ನ ನಷ್ಟ. ದೇಸಾಯರು ಜೀವನದಲ್ಲಿ ಒಮ್ಮೆ ನಿಜ ಹೇಳಿದರು, ಅದನ್ನು ಯಾರೂ ನಂಬಲಿಲ್ಲ; ಅದು ಅವರದು. ಎಡಗಿವಿ ಹರಿದ ಚಿಗರಿ ಈ ಸಲ ಎರಡು ಮರಿಗಳ ಜೊತೆ ನೀರಿಗೆ ಬಂತು. ದುರ್ಬೀನಿನಲ್ಲಿ ನನಗೂ ತೋರಿಸಿದರು.